ಕೆಚ್ಚಲಿಗೆ ಹಚ್ಚುವ ಅಯೋಡಿನ್ ಹಾಲಿಗೂ ಸೇರುತ್ತಾ? ಹಾಸನ, ಚಿಕ್ಕಮಗಳೂರಿನ ಹೈನುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಾಗ, ಪಶು ಆಸ್ಪತ್ರೆಯ ಕಟ್ಟೆಯ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಈ ಪ್ರಶ್ನೆಗಳು ಬರುತ್ತವೆ. ಕೆಲವು ಹಾಲು ಕರೆಯುವವರದ್ದು, ಕೆಲವು ಹಾಲು ಕುಡಿಯುವವರದ್ದು. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಆಳದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆ ಒಂದನ್ನೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಶುರುವಿನ ಪ್ರಶ್ನೆಗಳು

ಹಾಲಲ್ಲಿ ಅಯೋಡಿನ್ ಇರುತ್ತಾ? ಅದು ಉಪ್ಪಲ್ಲಿ ಇರೋದು ಅಲ್ವಾ?

ಎರಡರಲ್ಲೂ ಇರುತ್ತದೆ. ಉಪ್ಪಿಗೆ ಕಾರ್ಖಾನೆಯಲ್ಲಿ ಬೆರೆಸುತ್ತಾರೆ. ಹಾಲಿಗೆ ಹಸುವೇ ಸೇರಿಸುತ್ತದೆ. ನಮ್ಮ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಎಳೆದುಕೊಳ್ಳುವ ಹಾಗೆಯೇ ಹಸುವಿನ ಕೆಚ್ಚಲೂ ಎಳೆದುಕೊಳ್ಳುತ್ತದೆ. ಕುಡಿಯುವ ಕರುವಿಗೆ ಅದು ಬೇಕು, ಅದಕ್ಕೇ ಈ ಏರ್ಪಾಡು.

ಎಷ್ಟಿರುತ್ತದೆ ಅನ್ನುವುದು ಊರು, ಮೇವು, ಕಾಲ, ಕೊಟ್ಟಿಗೆಯ ಅಭ್ಯಾಸದ ಮೇಲೆ ಹೋಗುತ್ತದೆ. ಯುರೋಪಿನ ದೇಶಗಳಲ್ಲಿ ಅಳೆದಾಗ ಲೀಟರಿಗೆ 100ರಿಂದ 300 ಮೈಕ್ರೋಗ್ರಾಂ (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ) ಸಿಗುವುದು ಸಾಮಾನ್ಯ. ಅದಕ್ಕಿಂತ ತೀರಾ ಕಡಿಮೆ, ತೀರಾ ಜಾಸ್ತಿ ಇರುವ ಹಾಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿ ಬಾಣಂತಿಯರಿಗೆ 250. ಅಂದರೆ ಹಾಲು ಕೊಡುವ ಪಾಲು ಸಣ್ಣದಲ್ಲ.

ಹಾಲಿಗೆ ಈ ಅಯೋಡಿನ್ ಬರೋದು ಎಲ್ಲಿಂದ?

ಮೂರು ದಾರಿ ಇವೆ. ಮೊದಲನೆಯದು ಮತ್ತು ದೊಡ್ಡದು ಹಸುವಿನ ಹೊಟ್ಟೆ: ಮೇವು, ಪಶು ಆಹಾರ, ಖನಿಜ ಮಿಶ್ರಣ, ನೀರು. ಎರಡನೆಯದು ಕೆಚ್ಚಲಿನ ತೊಟ್ಟಿಗೆ ಹಚ್ಚುವ ಅಯೋಡಿನ್ ದ್ರಾವಣ. ಮೂರನೆಯದು ಕ್ಯಾನ್, ಮೆಷಿನ್ ತೊಳೆಯಲು ಬಳಸುವ ಅಯೋಡಿನ್. ಮೇವಿನ ದಾರಿ ನಿಧಾನ, ದಿನಗಳ ಲೆಕ್ಕ. ತೊಟ್ಟಿನ ದಾರಿ ಮಾತ್ರ ಕರೆಯುವವರ ಕೈಯಲ್ಲೇ ಇದೆ. ಒಂದೇ ಹೊತ್ತಿನ ಅಜಾಗರೂಕತೆಗೂ ಹಾಲಿನಲ್ಲಿ ಏರುಪೇರಾಗುತ್ತದೆ.

ಹಾಲು ಕರೆದ ಮೇಲೆ ಹಚ್ಚೋ ಆ ಕಂದು ಔಷಧಿ ಏನು? ಅದು ಯಾಕೆ ಬೇಕು?

ಅದು ಅಯೋಡೋಫರ್. ಅಯೋಡಿನ್ನನ್ನು ಬೇರೊಂದು ವಸ್ತುವಿಗೆ ಕಟ್ಟಿ, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುವಂತೆ ಮಾಡಿರುತ್ತಾರೆ. ಹಾಗಾಗಿ ಚರ್ಮ ಸುಡುವುದಿಲ್ಲ, ಸೂಕ್ಷ್ಮಾಣು ಮಾತ್ರ ಸಾಯುತ್ತವೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಕೂಡ ಇದೇ ಜಾತಿಯದ್ದು.

ಹಾಲು ಕರೆದ ಮೇಲೆ ತೊಟ್ಟಿನ ತುದಿಯ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಹಸು ಸಗಣಿ ಮೇಲೆ ಮಲಗಿದರೆ ಸೂಕ್ಷ್ಮಾಣು ಒಳಗೆ ಹೋಗುತ್ತವೆ. ಕರೆಯುವವರ ಕೈಯಿಂದ ಒಂದು ಹಸುವಿನದ್ದು ಇನ್ನೊಂದಕ್ಕೂ ಅಂಟುತ್ತದೆ. ಹೀಗೆ ಶುರುವಾಗುವುದೇ ಕೆಚ್ಚಲು ಬಾವು. ಕರೆದ ತಕ್ಷಣ ನಾಲ್ಕೂ ತೊಟ್ಟನ್ನು ಅದ್ದಿದರೆ, ಹಸುವಿನಿಂದ ಹಸುವಿಗೆ ಹರಡುವ ಬಗೆಯ ಹೊಸ ಸೋಂಕು ಅರ್ಧದಷ್ಟು ಕಡಿಮೆಯಾಗುತ್ತದೆ ಎಂದು ಬೇರೆ ಬೇರೆ ದೇಶಗಳ ಅನುಭವ ಹೇಳುತ್ತದೆ. ಬಾವು ಬಂದ ಹಸುವಿನ ಹಾಲು ಕಡಿಮೆಯಾಗುತ್ತದೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಗಟ್ಟಿ ಅಂಶ) ಬೀಳುತ್ತದೆ, ಆಂಟಿಬಯೋಟಿಕ್ ಕೊಟ್ಟ ದಿನಗಳ ಹಾಲನ್ನು ಚೆಲ್ಲಬೇಕಾಗುತ್ತದೆ. ಅದರ ಮುಂದೆ ಈ ದ್ರಾವಣದ ಖರ್ಚು ಏನೇನೂ ಅಲ್ಲ.

ಡೇರೀಲಿ ಹಾಲಿಗೆ ಅಯೋಡಿನ್ ಹಾಕಿ ನೋಡ್ತಾರಲ್ಲ, ಅದು ಇದೇನಾ?

ಅಲ್ಲ. ಅದು ಹಿಟ್ಟು ಬೆರೆಸಿದ್ದಾರಾ ಎಂದು ನೋಡುವ ಪರೀಕ್ಷೆ. ಕಾಯಿಸಿ ಆರಿಸಿದ ಸ್ವಲ್ಪ ಹಾಲಿಗೆ ಅಯೋಡಿನ್ ಹನಿ ಹಾಕಿದಾಗ ನೀಲಿ ಬಣ್ಣ ಬಂದರೆ ಗಂಜಿ ಅಥವಾ ಹಿಟ್ಟು ಇದೆ ಎಂದರ್ಥ. ಆ ಮಾದರಿಯನ್ನು ಮತ್ತೆ ಕ್ಯಾನಿಗೆ ಸುರಿಯುವುದಿಲ್ಲ, ಚೆಲ್ಲುತ್ತಾರೆ. ಹಾಲಿನಲ್ಲಿ ಮೊದಲೇ ಎಷ್ಟು ಅಯೋಡಿನ್ ಇದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ತೊಟ್ಟಿನ ಔಷಧಿ ಹಾಲಿಗೆ ಬಿದ್ದರೆ ಬಣ್ಣ, ರುಚಿಯಲ್ಲಿ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಹಾಲು ಅಯೋಡಿನ್ನಿನ ಕಂದು ಬಣ್ಣವನ್ನು ಕ್ಷಣದಲ್ಲಿ ನುಂಗಿಬಿಡುತ್ತದೆ. ಫ್ಯಾಟ್, ಎಸ್‌ಎನ್‌ಎಫ್ ಅಳೆಯುವ ಯಂತ್ರಕ್ಕೂ ಕಾಣುವುದಿಲ್ಲ. ಯಾರೂ ಹಿಡಿಯುವುದಿಲ್ಲ ಅನ್ನುವ ಕಾರಣಕ್ಕೇ ಕರೆಯುವವರು ತಾವೇ ಎಚ್ಚರ ವಹಿಸಬೇಕು.

## ಕೊಟ್ಟಿಗೆಯ ಪ್ರಶ್ನೆಗಳು

ಔಷಧಿ ಕರೆಯೋಕೆ ಮುಂಚೆ ಹಚ್ಚಬೇಕಾ, ಆಮೇಲೆ ಹಚ್ಚಬೇಕಾ?

ಆಮೇಲೆ ಹಚ್ಚುವುದನ್ನು ಬಿಡಬೇಡಿ. ಮುಂಚೆ ಹಚ್ಚುವುದು ಕೊಟ್ಟಿಗೆಯ ಸ್ಥಿತಿ ನೋಡಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದ ತಿಂಗಳುಗಳಲ್ಲಿ ಕೊಟ್ಟಿಗೆ ಒಣಗುವುದೇ ಇಲ್ಲ, ಕೆಚ್ಚಲಿಗೆ ಕೆಸರು ಅಂಟಿಕೊಂಡೇ ಇರುತ್ತದೆ. ಅಂಥ ಕಡೆ ಮುಂಚೆ ಹಚ್ಚುವುದರಿಂದ ಅನುಕೂಲವಿದೆ. ಆದರೆ ಮುಂಚೆ ಹಚ್ಚಿದರೆ ಒಂದು ಕರಾರು: ಅರ್ಧ ನಿಮಿಷ ಬಿಟ್ಟು, ಪೂರ್ತಿ ಒರೆಸಿ, ಆಮೇಲೆಯೇ ಕರೆಯಬೇಕು. ಒರೆಸಲು ಆಗುವುದಿಲ್ಲ ಅನ್ನುವವರು ಮುಂಚೆ ಹಚ್ಚಲೇ ಬೇಡಿ.

ಒರೆಸದೆ ಕರೆದರೆ ಏನು ಮಹಾ ಆಗುತ್ತೆ? ಒಂದೆರಡು ಹನಿ ತಾನೇ?

ಈ ಒಂದೆರಡು ಹನಿಯ ಲೆಕ್ಕವನ್ನು ಕೂತು ಹಾಕೋಣ.

ತೊಟ್ಟಿಗೆ ಹಚ್ಚುವ ದ್ರಾವಣದಲ್ಲಿ ಶೇಕಡಾ 0.5ರಷ್ಟು ಅಯೋಡಿನ್ ಇದೆ ಎಂದುಕೊಳ್ಳಿ. ಅಂದರೆ ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಹಾಗಾದರೆ ಒಂದು ಹನಿಯಲ್ಲಿ 250 ಮೈಕ್ರೋಗ್ರಾಂ. ದೊಡ್ಡವರೊಬ್ಬರಿಗೆ ಇಡೀ ದಿನಕ್ಕೆ ಬೇಕಾಗಿದ್ದು 150. ಆ ಒಂದು ಹನಿಯೇ ಅದನ್ನು ಮೀರಿತು.

ಈಗ ನಾಲ್ಕು ತೊಟ್ಟಿನಿಂದ ಒಂದೊಂದೇ ಹನಿ ಹಾಲಿಗೆ ಸೇರಿತು ಅನ್ನಿ. 1000 ಮೈಕ್ರೋಗ್ರಾಂ. ಹಸು ಆ ಹೊತ್ತಿಗೆ 8 ಲೀಟರ್ ಕೊಟ್ಟರೆ ಲೀಟರಿಗೆ 125 ಮೈಕ್ರೋಗ್ರಾಂ ಹೆಚ್ಚಾಯಿತು. ಹಸು ಮೇವಿನಿಂದ ಒಂದು ಹೊತ್ತಿನ ಹಾಲಿಗೆ ಸೇರಿಸುವಷ್ಟನ್ನು ಈ ನಾಲ್ಕು ಹನಿಯೇ ಸೇರಿಸಿಬಿಡಬಹುದು. ಮಲೆನಾಡು ಗಿಡ್ಡದಂಥ ಹಸು, ಎರಡು ಲೀಟರ್ ಕೊಡುವುದಾದರೆ, ಲೀಟರಿಗೆ 500 ಏರಿತು. ದ್ರಾವಣ ಶೇಕಡಾ 1ರದ್ದಾದರೆ ಇವೆಲ್ಲ ದುಪ್ಪಟ್ಟು. ಅದ್ದಿ ತೆಗೆದ ತೊಟ್ಟಿನಲ್ಲಿ ಒಂದು ಹನಿಗಿಂತ ಜಾಸ್ತಿಯೇ ನಿಂತಿರುತ್ತದೆ, ನೀವೇ ನೋಡಿರುತ್ತೀರಿ.

ಬಿಎಂಸಿಗೆ (ಊರಿನ ಹಾಲನ್ನು ಒಟ್ಟುಗೂಡಿಸಿ ತಂಪಾಗಿಡುವ ಟ್ಯಾಂಕಿಗೆ) ಹೋದ ಮೇಲೆ ಊರಿನ ಹಾಲೆಲ್ಲ ಬೆರೆತು ಇದು ತೆಳುವಾಗುತ್ತದೆ, ನಿಜ. ಆದರೆ ಮನೆಗೆಂದು ಒಂದು ಲೀಟರ್ ಎತ್ತಿಟ್ಟುಕೊಳ್ಳುತ್ತೇವಲ್ಲ, ಅದು ತೆಳುವಾಗುವುದಿಲ್ಲ. ಪುಟ್ಟ ಮಗುವಿಗೆ ಹೋಗುವುದು ಆ ಹಾಲೇ. ಹಾಗಾಗಿ ಒರೆಸುವ ಅರ್ಧ ನಿಮಿಷಕ್ಕೆ ಬೆಲೆ ಇದೆ.

ಒರೆಸೋದು ಅಂದ್ರೆ ಹೇಗೆ? ನಾವು ನೀರು ಎರಚಿ ತೊಳೀತೀವಲ್ಲ, ಅಷ್ಟು ಸಾಲದಾ?

ನೀರು ಎರಚಿ ಹಾಗೇ ಕರೆಯುವುದು ಕೆಟ್ಟ ಅಭ್ಯಾಸ. ಇಡೀ ಕೆಚ್ಚಲು ಒದ್ದೆಯಾದರೆ ಮೇಲಿನ ಕೊಳೆಯೆಲ್ಲ ಇಳಿದು ತೊಟ್ಟಿನ ತುದಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಪಾತ್ರೆಗೆ. ಕೊಳೆ ಇದ್ದರೆ ತೊಟ್ಟನ್ನಷ್ಟೇ ತೊಳೆಯಿರಿ.

ಮುಂಚೆ ಅಯೋಡಿನ್ ಹಚ್ಚಿದವರು ಒಣಗಿದ, ಒಗೆದ ಬಟ್ಟೆಯಿಂದ ಪ್ರತಿ ತೊಟ್ಟನ್ನೂ ಮೇಲಿಂದ ಕೆಳಕ್ಕೆ ಹಿಡಿದು ತಿರುಗಿಸಿ ಒರೆಸಿ. ತುದಿಯನ್ನು ಮರೆಯಬೇಡಿ, ದ್ರಾವಣ ತೂಗುವುದೇ ಅಲ್ಲಿ. ಒಂದು ಹಸುವಿಗೆ ಒಂದು ಬಟ್ಟೆ. ಒಂದೇ ಬಟ್ಟೆಯಲ್ಲಿ ಮೂರು ಹಸು ಒರೆಸಿದರೆ ಬಾವನ್ನು ನಾವೇ ಹಂಚಿದ ಹಾಗೆ. ಆಮೇಲೆ ಮೊದಲ ಮೂರು ನಾಲ್ಕು ಸೆಲೆಯನ್ನು ಬೇರೆ ಬಟ್ಟಲಿಗೆ ಬಿಟ್ಟು, ಹೆಪ್ಪು, ಗರಣೆ ಇದೆಯಾ ನೋಡಿ ಚೆಲ್ಲಿ.

ಹಿಂದಿನ ಹೊತ್ತು ಕರೆದ ಮೇಲೆ ಹಚ್ಚಿದ್ದು ಒಣಗಿ ತೊಟ್ಟಿನ ಮೇಲೆ ಕೂತಿರುತ್ತದೆ. ಅದಕ್ಕೂ ಈ ಒರೆಸುವಿಕೆ ಬೇಕು.

ಕರೆದ ಮೇಲೆ ಹಚ್ಚಿದ್ದು ಹಾಲಿಗೆ ಹೇಗೆ ಸೇರುತ್ತೆ? ಆಗ ಹಾಲೇ ಹೊರಗೆ ಬಂದಿರುತ್ತಲ್ಲ?

ಒಣಗಿ ಉಳಿದದ್ದು ಮುಂದಿನ ಹೊತ್ತಿಗೆ ಕರೆಯುವಾಗ ಸೇರುವುದು ಒಂದು. ಇನ್ನೊಂದು, ತೊಟ್ಟಿನ ಚರ್ಮದ ಮೂಲಕ ಸ್ವಲ್ಪ ಒಳಕ್ಕೆ ಇಳಿಯುವುದು. ಇದನ್ನು ಎಷ್ಟು ಒರೆಸಿದರೂ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಇದರಿಂದ ಏರುವುದು ಸಾಮಾನ್ಯವಾಗಿ ಲೀಟರಿಗೆ ಹತ್ತಾರು ಮೈಕ್ರೋಗ್ರಾಂ ಮಾತ್ರ, ಒರೆಸದ ಹನಿಯ ಮುಂದೆ ಸಣ್ಣದು. ಅದಕ್ಕೆ ಹೆದರಿ ಹಚ್ಚುವುದನ್ನೇ ಬಿಟ್ಟರೆ ಬಾವು ಬಂದು ಕೂರುತ್ತದೆ. ಶೇಕಡಾ 1ರ ಬದಲು 0.5ರ ದ್ರಾವಣ ಬಳಸಿದರೆ ಈ ಪಾಲೂ ಇಳಿಯುತ್ತದೆ.

ಮೆಡಿಕಲ್ ಶಾಪಿನ ಪೊವಿಡೋನ್ ಅಯೋಡಿನ್ ಆಗುತ್ತಾ? ನೀರು ಎಷ್ಟು ಬೆರೆಸಬೇಕು?

ಆಗುತ್ತದೆ, ಆದರೆ ಬಾಟಲಿ ನೋಡಿ ತನ್ನಿ. ಶೇಕಡಾ 10 ಎಂದು ಬರೆದ ಪೊವಿಡೋನ್ ದ್ರಾವಣದಲ್ಲಿ ನಿಜವಾಗಿ ಕೆಲಸ ಮಾಡುವ ಅಯೋಡಿನ್ ಶೇಕಡಾ 1 ಮಾತ್ರ. ಇಲ್ಲೇ ಬಹಳ ಜನ ಗೊಂದಲ ಮಾಡಿಕೊಂಡು ಹತ್ತು ಪಾಲು ನೀರು ಸುರಿದುಬಿಡುತ್ತಾರೆ. ಆಗ ಔಷಧಿಯಲ್ಲಿ ಸತ್ವವೇ ಉಳಿಯುವುದಿಲ್ಲ.

ಶೇಕಡಾ 0.5 ಬೇಕೆಂದರೆ: 500 ಮಿಲಿಲೀಟರ್ ಶೇಕಡಾ 10ರ ಪೊವಿಡೋನ್, 400 ಮಿಲಿಲೀಟರ್ ಕಾಯಿಸಿ ಆರಿಸಿದ ನೀರು, 100 ಮಿಲಿಲೀಟರ್ ಗ್ಲಿಸರಿನ್. ಗ್ಲಿಸರಿನ್ ಯಾಕೆಂದರೆ ಬರೀ ಅಯೋಡಿನ್ನಿಗೆ ತೊಟ್ಟು ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಸೂಕ್ಷ್ಮಾಣು ಮನೆ ಮಾಡುತ್ತವೆ. ಬೆರೆಸಿದ್ದನ್ನು ಹೆಚ್ಚು ದಿನ ಇಡಬೇಡಿ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ನೀರು ಕಾಯಿಸಿದ ಬಿಸಿಯಲ್ಲೇ ಬೆರೆಸಿದರೆ ಅಯೋಡಿನ್ ಆವಿಯಾಗಿ ಹೋಗುತ್ತದೆ. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರು ಕೂಡ ಅದರ ಶಕ್ತಿ ಇಳಿಸುತ್ತದೆ. ಆಗುವುದಾದರೆ ಹಿಡಿದಿಟ್ಟ ಮಳೆ ನೀರನ್ನು ಕಾಯಿಸಿ ಆರಿಸಿ ಬಳಸಿ.

ಎರಡನ್ನು ತರಲೇಬೇಡಿ: ಸ್ಪಿರಿಟ್ ಇರುವ ಟಿಂಚರ್ ಅಯೋಡಿನ್, ಮತ್ತು ನೊರೆ ಬರುವ ಪೊವಿಡೋನ್ ಸ್ಕ್ರಬ್. ಮೊದಲನೆಯದು ತೊಟ್ಟು ಸುಡುತ್ತದೆ. ಎರಡನೆಯದರಲ್ಲಿ ಸೋಪಿನ ಅಂಶ ಇರುತ್ತದೆ.

ಲೆಕ್ಕ ಬೇಡ ಅನ್ನುವವರು ತೊಟ್ಟಿಗೆಂದೇ ತಯಾರಾದ ದ್ರಾವಣ ಕೊಳ್ಳುವುದು ಒಳ್ಳೆಯದು. ಅದಕ್ಕೆ ನೀರು ಸೇರಿಸಬೇಕಾ ಬೇಡವಾ ಅನ್ನುವುದು ಚೀಟಿಯ ಮೇಲೇ ಇರುತ್ತದೆ.

ಸ್ಪ್ರೇ ಮಾಡೋದು ಸುಲಭ. ಅದೇ ಸಾಕಲ್ವಾ?

ನನ್ನ ಮಾತು ತೊಟ್ಟನ್ನು ಅದ್ದುವ ಬಟ್ಟಲಿನ ಕಡೆಗೆ. ಸ್ಪ್ರೇ ಒಂದು ಪಕ್ಕಕ್ಕೆ ಮಾತ್ರ ಬೀಳುತ್ತದೆ, ಇನ್ನೊಂದು ಪಕ್ಕ ಒಣಗಿಯೇ ಇರುತ್ತದೆ. ಕೆಚ್ಚಲಿಗೆಲ್ಲ ಹರಡುವುದರಿಂದ ದ್ರಾವಣವೂ ಜಾಸ್ತಿ ಖರ್ಚು. ಕೆನಡಾದಲ್ಲಿ ಹೋಲಿಸಿ ನೋಡಿದಾಗ, ಅದ್ದಿದ್ದಕ್ಕಿಂತ ಸಿಂಪಡಿಸಿದಾಗಲೇ ಹಾಲಿನಲ್ಲಿ ಅಯೋಡಿನ್ ಹೆಚ್ಚು ಸಿಕ್ಕಿದೆ. ಬಟ್ಟಲಿನಲ್ಲಿ ತೊಟ್ಟು ಮುಕ್ಕಾಲು ಮುಳುಗಲಿ. ಉಳಿದ ದ್ರಾವಣವನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ಬಟ್ಟಲಿಗೆ ಸಗಣಿ, ಹಾಲು ಬಿದ್ದು ಬಣ್ಣ ಮಾಸಿದರೆ ಅಯೋಡಿನ್ ಮುಗಿದಿದೆ ಎಂದೇ ತಿಳಿಯಿರಿ. ಅದನ್ನು ಚೆಲ್ಲಿ ಹೊಸದು ಹಾಕಿ.

ಅದ್ದಿದ ಮೇಲೆ ಹಸು ಮಲಗದ ಹಾಗೆ ಮುಂದೆ ಮೇವು ಹಾಕಿ. ರಾಗಿ ಹುಲ್ಲೋ ನೇಪಿಯರ್ರೋ, ತಿನ್ನುತ್ತಾ ಅರ್ಧ ಗಂಟೆ ನಿಂತಿರಲಿ.

ಕರು ಬಿಟ್ಟು ಕರೆಯೋ ಹಸು ನಮ್ಮದು. ಕರು ಅಯೋಡಿನ್ ನೆಕ್ಕಿದ್ರೆ?

ಕರು ಕುಡಿದು ಮುಗಿಸಿದ ಮೇಲೆ ಅದ್ದಿ, ಕರುವನ್ನು ಬೇರೆ ಕಟ್ಟಿ. ಮುಂದಿನ ಹೊತ್ತಿಗೆ ಕರು ಬಿಡುವ ಮುಂಚೆ ತೊಟ್ಟು ಒರೆಸಿ. ಆ ಕ್ರಮದಲ್ಲಿ ಹೋದರೆ ಕರುವಿನ ಬಾಯಿಗೆ ಹೋಗುವುದು ಬಹಳ ಕಡಿಮೆ. ಕರು ದಿನವಿಡೀ ತಾಯಿಯ ಜೊತೆಗೇ ಇದ್ದು ಮತ್ತೆ ಮತ್ತೆ ಕುಡಿಯುವುದಾದರೆ ಅದ್ದುವುದರಿಂದ ಹೆಚ್ಚು ಉಪಯೋಗವೂ ಇಲ್ಲ.

ಕ್ಯಾನು, ಮೆಷಿನ್ ತೊಳೆಯೋಕೆ ಅಯೋಡಿನ್ ಬಳಸಿದ್ರೆ ಹಾಲಿಗೆ ಎಷ್ಟು ಬರುತ್ತೆ?

ಸರಿಯಾಗಿ ಬಳಸಿದರೆ ಬಹಳ ಕಡಿಮೆ. ಪಾತ್ರೆ ಸೋಂಕು ಕಳೆಯಲು ಲೀಟರ್ ನೀರಿಗೆ 12.5ರಿಂದ 25 ಮಿಲಿಗ್ರಾಂ ಅಯೋಡಿನ್ ಸಾಕು. ತೊಟ್ಟಿನ ದ್ರಾವಣಕ್ಕಿಂತ ಇದು ನೂರಾರು ಪಟ್ಟು ತೆಳು. 25 ಮಿಲಿಗ್ರಾಮಿನ ನೀರು ಕ್ಯಾನಿನ ತಳದಲ್ಲಿ 20 ಮಿಲಿಲೀಟರ್ ಉಳಿದರೂ 500 ಮೈಕ್ರೋಗ್ರಾಂ ಆಯಿತು. 40 ಲೀಟರಿನ ಕ್ಯಾನಿಗೆ ಹಂಚಿದರೆ ಲೀಟರಿಗೆ 12.5 ಅಷ್ಟೇ. ತೊಂದರೆ ಬರುವುದು ಅಂದಾಜಿನಲ್ಲಿ ಗಳಗಳ ಸುರಿದು, ಬೋರಲು ಹಾಕದೆ ಹಾಲು ತುಂಬಿದಾಗ.

ಮೊದಲು ಸೋಡಾ ಅಥವಾ ಡೇರಿಯ ಪುಡಿ ಹಾಕಿ ಉಜ್ಜಿ ತೊಳೆಯಿರಿ, ಆಮೇಲೆ ಅಯೋಡಿನ್. ಹಾಲಿನ ಜಿಡ್ಡು ಇದ್ದರೆ ಅಯೋಡಿನ್ ಅಲ್ಲೇ ಸೋತುಹೋಗುತ್ತದೆ. ಕೊನೆಗೆ ಕ್ಯಾನನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ನೀರು ಸೋರಿ ಬಿಸಿಲು ಕಾಣಲಿ.

ಪರ್ಮಾಂಗನೇಟ್ ನೀರಲ್ಲಿ ಕೆಚ್ಚಲು ತೊಳೆಯೋದು ನಮ್ಮ ರೂಢಿ. ಅದರಲ್ಲೂ ಅಯೋಡಿನ್ ಇದೆಯಾ?

ಇಲ್ಲ. ಪೊಟ್ಯಾಷಿಯಂ ಪರ್ಮಾಂಗನೇಟಿನಿಂದ ಹಾಲಿಗೆ ಅಯೋಡಿನ್ ಬರುವುದಿಲ್ಲ. ಬ್ಲೀಚಿಂಗ್ ಪೌಡರ್, ಕ್ಲೋರ್‌ಹೆಕ್ಸಿಡಿನ್, ಲ್ಯಾಕ್ಟಿಕ್ ಆಮ್ಲದ ದ್ರಾವಣಗಳಿಂದಲೂ ಇಲ್ಲ. ತಿಳಿ ನೇರಳೆ ನೀರು ಕರೆಯುವ ಮುಂಚೆ ತೊಳೆಯಲು ಆಗುತ್ತದೆ. ಆದರೆ ಕರೆದ ಮೇಲಿನ ಅರ್ಧ ಗಂಟೆ ತೊಟ್ಟಿನ ಮೇಲೆ ಪದರವಾಗಿ ನಿಂತು ಕಾಯುವ ಕೆಲಸವನ್ನು ಅದು ಮಾಡುವುದಿಲ್ಲ.

## ಮೇವಿನ ಪ್ರಶ್ನೆಗಳು

ಖನಿಜ ಮಿಶ್ರಣ ಹಾಕಿದರೆ ಹಾಲಲ್ಲಿ ಅಯೋಡಿನ್ ಏರುತ್ತಾ?

ಏರುತ್ತದೆ, ಮತ್ತು ಏರಬೇಕಾದ ಸರಿಯಾದ ದಾರಿ ಅದೇ. ಹಾಲು ಕೊಡುವ ಹಸುವಿಗೆ ಒಣ ಮೇವಿನ ಲೆಕ್ಕದಲ್ಲಿ ಕಿಲೋಗೆ ಸುಮಾರು ಅರ್ಧ ಮಿಲಿಗ್ರಾಂ ಅಯೋಡಿನ್ ಬೇಕು. ದಿನಕ್ಕೆ 10ರಿಂದ 12 ಕಿಲೋ ತಿನ್ನುವ ಹಸುವಿಗೆ 5ರಿಂದ 6 ಮಿಲಿಗ್ರಾಂ. ಕೊರತೆಯಾದರೆ ಮೊದಲು ಕಾಣುವುದು ಕರುವಿನಲ್ಲಿ: ಕುತ್ತಿಗೆ ಊದಿ, ಮೈಮೇಲೆ ಕೂದಲಿಲ್ಲದೆ, ಕೆಲವೊಮ್ಮೆ ಸತ್ತೇ ಹುಟ್ಟುತ್ತದೆ.

ಹಾಗೆಂದು ಎರಡು ಕೈಯಲ್ಲಿ ಸುರಿಯುವುದೂ ಬೇಡ. ಜಾಸ್ತಿ ತಿಂದರೆ ಜಾಸ್ತಿ ಹಾಲಿಗೆ ಹೋಗುತ್ತದೆ, ಅದೂ ಕೆಲವೇ ದಿನಗಳಲ್ಲಿ. ಯುರೋಪಿನಲ್ಲಿ ಹಸುವಿನ ಆಹಾರದಲ್ಲಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು ಎಂಬ ಕಾನೂನಿದೆ. ಅದನ್ನು 2ಕ್ಕೆ ಇಳಿಸಬೇಕು ಎಂದು ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ 2013ರಲ್ಲಿ ಹೇಳಿತು. ಕಾರಣ ಹಸುವಿನ ಆರೋಗ್ಯ ಅಲ್ಲ, ಹಾಲು ಕುಡಿಯುವವರದ್ದು. ಪೊಟ್ಟಣದ ಮೇಲೆ ಹೇಳಿದಷ್ಟು ಕೊಡಿ, ಸಾಕು.

ನಮ್ಮದು ಮಲೆನಾಡು. ನಮ್ಮ ಹಸು ಹಾಲಿಗೂ ಬಯಲುಸೀಮೆ ಹಸು ಹಾಲಿಗೂ ವ್ಯತ್ಯಾಸ ಇದೆಯಾ?

ಇರಲು ಕಾರಣಗಳಿವೆ. ಅಯೋಡಿನ್ ನೀರಿನಲ್ಲಿ ಕರಗುತ್ತದೆ. ಶೃಂಗೇರಿ, ಕೊಪ್ಪ, ಮೂಡಿಗೆರೆಯಂಥ ಕಡೆ ಸಾವಿರಾರು ವರ್ಷಗಳ ಮಳೆ ಇಳಿಜಾರಿನ ಮಣ್ಣಿನಿಂದ ಅದನ್ನು ತೊಳೆದು ಹೊಳೆಗೆ ಸೇರಿಸಿದೆ. ಮಣ್ಣಲ್ಲಿ ಇಲ್ಲದ್ದು ಹುಲ್ಲಲ್ಲೂ ಇಲ್ಲ, ಹುಲ್ಲಲ್ಲಿ ಇಲ್ಲದ್ದು ಹಾಲಲ್ಲೂ ಇಲ್ಲ. ಕರ್ನಾಟಕದಲ್ಲಿ ಗಳಗಂಡದ ಸಮೀಕ್ಷೆಗಳು ನಡೆದಾಗ ಚಿಕ್ಕಮಗಳೂರು ಹೆಚ್ಚು ತೊಂದರೆ ಇರುವ ಜಿಲ್ಲೆಗಳ ಪಟ್ಟಿಯಲ್ಲಿ ಬಂತು. ಕುತ್ತಿಗೆ ಊದಿದ ಅಜ್ಜಿಯಂದಿರನ್ನು ಕಂಡ ನೆನಪು ಇಲ್ಲಿನ ಹಿರಿಯರಿಗೆ ಇದ್ದೇ ಇರುತ್ತದೆ.

ಹಾಗಾಗಿ ಬರೀ ಕಾಡುಹುಲ್ಲು, ಗದ್ದೆ ಬದುವಿನ ಹುಲ್ಲು ಮೇಯುವ ಮಲೆನಾಡಿನ ಹಸುವಿಗೆ ಖನಿಜ ಮಿಶ್ರಣದ ಅಗತ್ಯ ಜಾಸ್ತಿ. ಚನ್ನರಾಯಪಟ್ಟಣದ ಕಡೆ ಸಿದ್ಧ ಪಶು ಆಹಾರ ತಿನ್ನುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುವಿಗೆ ಅದು ಆಹಾರದ ಜೊತೆಗೇ ಅಷ್ಟಿಷ್ಟು ಸಿಗುತ್ತದೆ.

ಯಾವ ಹಿಂಡಿ ಹಾಕಿದರೂ ಒಂದೇನಾ?

ಅಯೋಡಿನ್ ವಿಷಯದಲ್ಲಿ ಒಂದೇ ಅಲ್ಲ. ಸಾಸಿವೆ ಜಾತಿಯ ಹಿಂಡಿಯಲ್ಲಿ ಇರುವ ಕೆಲವು ಅಂಶಗಳು ಅಯೋಡಿನ್ ಕೆಚ್ಚಲಿಗೆ ಹೋಗುವ ದಾರಿಗೆ ಅಡ್ಡ ನಿಲ್ಲುತ್ತವೆ. ಹಸು ತಿಂದದ್ದು ಅಷ್ಟೇ ಇದ್ದರೂ ಹಾಲಿಗೆ ಬರುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಹೋಗುವುದು ಜಾಸ್ತಿಯಾಗುತ್ತದೆ. ನಮ್ಮ ಕಡೆ ಹೆಚ್ಚು ಬಳಸುವ ಕಡಲೆಕಾಯಿ ಹಿಂಡಿ, ತೆಂಗಿನ ಹಿಂಡಿಯಲ್ಲಿ ಆ ತೊಂದರೆ ಇಲ್ಲ.

## ಕುಡಿಯುವವರ ಪ್ರಶ್ನೆಗಳು

ಹಾಲು ಕಾಯಿಸಿದರೆ ಅಯೋಡಿನ್ ಹೋಗುತ್ತಾ? ಮೊಸರು, ತುಪ್ಪದಲ್ಲಿ?

ಕಾಯಿಸಿದರೆ ಹೆಚ್ಚಿನ ಪಾಲು ಉಳಿಯುತ್ತದೆ. ಅದು ಹಾಲಿನ ನೀರಿನಂಶದಲ್ಲಿ ಕರಗಿರುತ್ತದೆ, ಕೆನೆಯಲ್ಲಿ ಅಲ್ಲ. ಹಾಗಾಗಿ ಕೆನೆ ತೆಗೆದ ಹಾಲಲ್ಲೂ ಇರುತ್ತದೆ, ಮೊಸರಲ್ಲಿ, ಮಜ್ಜಿಗೆಯಲ್ಲಿ ಇರುತ್ತದೆ. ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಪನ್ನೀರ್ ಮಾಡುವಾಗ ಬಸಿದ ನೀರಿನ ಜೊತೆ ಹೊರಟುಹೋಗುತ್ತದೆ.

ನನಗೆ ಥೈರಾಯ್ಡ್ ಇದೆ. ಹಾಲು ಬಿಡಬೇಕಾ?

ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂದರೆ ಸಾಮಾನ್ಯವಾಗಿ ಹಾಲು ಬಿಡಬೇಕಾಗಿಲ್ಲ. ಮಾತ್ರೆಯನ್ನು ಮಾತ್ರ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಚಿಕ್ಕಮಗಳೂರಿನವರಿಗೆ ಇದು ಕಷ್ಟದ ಮಾತು, ಗೊತ್ತು. ಆದರೆ ಮಾತ್ರೆಯ ಹಿಂದೆಯೇ ಹಾಲು ಹಾಕಿದ ಕಾಫಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವವರು, ಗಂಟು ಇರುವವರು, ವಿಕಿರಣ ಅಯೋಡಿನ್ ಚಿಕಿತ್ಸೆಗೆ ಹೋಗುವವರು ವೈದ್ಯರನ್ನು ಕೇಳಿ. ಆ ಚಿಕಿತ್ಸೆಗೆ ಮುಂಚೆ ಅಯೋಡಿನ್ ಕಡಿಮೆ ಇರುವ ಊಟ ಹೇಳುತ್ತಾರೆ. ಆಗ ಹಾಲು, ಮೊಸರು ಬಿಡಬೇಕಾಗುತ್ತದೆ.

ದಿನಾ ಹಾಲು ಕುಡೀತೀವಲ್ಲ, ಕಲ್ಲುಪ್ಪೇ ಬಳಸಿದರೆ ಏನಾಗುತ್ತೆ?

ಬೇಡ. ಹಾಲಿನಲ್ಲಿ ಎಷ್ಟಿದೆ ಅನ್ನುವುದು ಯಾರಿಗೂ ಕಾಣುವುದಿಲ್ಲ. ಹಸು ಬದಲಾದರೆ, ಮೇವು ಬದಲಾದರೆ, ಡೇರಿಯವರು ತೊಟ್ಟಿನ ಔಷಧಿ ಬದಲಿಸಿದರೆ ಅದೂ ಬದಲಾಗುತ್ತದೆ. ಉಪ್ಪಿನದ್ದು ಕಾನೂನಿನ ಲೆಕ್ಕ: ಕಾರ್ಖಾನೆಯಲ್ಲಿ ಕಿಲೋಗೆ 30 ಮಿಲಿಗ್ರಾಂ, ನಿಮ್ಮ ಮನೆಗೆ ಬಂದಾಗ ಕನಿಷ್ಠ 15. ದೇಶದಲ್ಲಿ ಈ ಕೆಲಸ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವಾಗಿ ಶುರುವಾಯಿತು. ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು ನಡುವೆ ಒಮ್ಮೆ ಸಡಿಲಿಸಿ, 2006ರಲ್ಲಿ ಮತ್ತೆ ನಿಷೇಧಿಸಿದರು.

ಆದರೆ ಇನ್ನೊಂದು ಲೆಕ್ಕವನ್ನೂ ನೋಡಿ. ವೈದ್ಯರು ಹೇಳುವ ಹಾಗೆ ದಿನಕ್ಕೆ 5 ಗ್ರಾಂ ಉಪ್ಪಿಗೆ ನಿಂತರೆ, ಕನಿಷ್ಠ ಲೆಕ್ಕದಲ್ಲಿ ಸಿಗುವುದು 75 ಮೈಕ್ರೋಗ್ರಾಂ, ಅಂದರೆ ಅರ್ಧ. ಉಳಿದ ಅರ್ಧಕ್ಕೆ ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನು ಬೇಕು. ಆದ್ದರಿಂದ ಹಾಲಿನ ಅಯೋಡಿನ್ ನಮ್ಮ ಶತ್ರು ಅಲ್ಲ. ಅದು ಅಳತೆಯಲ್ಲಿ ಇರಲಿ ಎನ್ನುವುದಷ್ಟೇ ನನ್ನ ಒತ್ತಾಯ.

ಹೆಚ್ಚಾದರೆ ತೊಂದರೆ ಯಾರಿಗೆ ಮೊದಲು?

ಪುಟ್ಟ ಮಕ್ಕಳಿಗೆ. ಐದು ವರ್ಷದೊಳಗಿನ ಮಗುವಿಗೆ ದಿನಕ್ಕೆ 90 ಮೈಕ್ರೋಗ್ರಾಂ ಸಾಕು, ಆದರೆ ಮೈತೂಕಕ್ಕೆ ಹೋಲಿಸಿದರೆ ಮನೆಯಲ್ಲಿ ಅತಿ ಹೆಚ್ಚು ಹಾಲು ಕುಡಿಯುವುದು ಅದೇ. ಅಯೋಡಿನ್ ಕಡಿಮೆಯಾದರೂ ಅತಿಯಾದರೂ ಥೈರಾಯ್ಡ್ ಎಡವುತ್ತದೆ. ಬಹಳ ವರ್ಷ ಕೊರತೆಯಲ್ಲೇ ಬದುಕಿದ ಹಿರಿಯರಿಗೆ ಒಮ್ಮೆಲೇ ಜಾಸ್ತಿಯಾದರೂ ತೊಂದರೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಡೇರಿ ಶುಚಿತ್ವದಿಂದ ಒಂದು ದೇಶದ ಆರೋಗ್ಯವೇ ಬದಲಾಯ್ತು ಅಂತಾರಲ್ಲ, ನಿಜಾನಾ?

ನಿಜ, ಎರಡೂ ದಿಕ್ಕಿನಲ್ಲಿ ಆಗಿದೆ.

ಬ್ರಿಟನ್ನಿನಲ್ಲಿ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡಲೇ ಇಲ್ಲ. ಆದರೂ ಅಲ್ಲಿನ ಗಳಗಂಡ ಕಳೆದ ಶತಮಾನದ ಮಧ್ಯದಿಂದ ಇಳಿಯುತ್ತಾ ಹೋಯಿತು. ಕಾರಣ ಹಾಲು. ಹಸುಗಳು ಚೆನ್ನಾಗಿ ಗರ್ಭ ಕಟ್ಟಲಿ, ಹಾಲು ಏರಲಿ ಎಂದು ರೈತರು ಆಹಾರಕ್ಕೆ ಅಯೋಡಿನ್ ಸೇರಿಸಿದರು, ಶುಚಿತ್ವಕ್ಕೆ ಅಯೋಡೋಫರ್ ಬಂತು, ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಟ್ಟರು. ಯಾರೂ ಯೋಜಿಸದೆ ಒಂದು ಕಾಯಿಲೆ ಹಿಂದೆ ಸರಿಯಿತು. ಯೋಜಿಸದೆ ಬಂದದ್ದು ಹೇಳದೆ ಹೋಗಲೂಬಹುದು: ಹಾಲು ಕುಡಿಯುವುದು ಕಡಿಮೆಯಾದ ಮೇಲೆ, ಹದಿನಾಲ್ಕು ಹದಿನೈದು ವರ್ಷದ ಹುಡುಗಿಯರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಬಹುಪಾಲಿಗೆ ಕೊರತೆ ಕಂಡಿತು.

ಆಸ್ಟ್ರೇಲಿಯಾದ ಕತೆ ಇನ್ನೂ ನೇರ. ಅಲ್ಲಿನ ಟಾಸ್ಮೇನಿಯಾ ದ್ವೀಪದಲ್ಲಿ 1960ರ ದಶಕದಲ್ಲಿ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ ಏರಿತು, ಮುಖ್ಯವಾಗಿ ವಯಸ್ಸಾದವರಲ್ಲಿ. 1966ರಲ್ಲಿ ಬ್ರೆಡ್ಡಿಗೆ ಅಯೋಡಿನ್ ಸೇರಿಸಿದ್ದು ಒಂದು ಕಾರಣ, ಡೇರಿಗಳ ಅಯೋಡೋಫರಿನಿಂದ ಹಾಲಿಗೆ ಇಳಿದದ್ದು ಇನ್ನೊಂದು. ಮುಂದೆ ಆ ದೇಶದ ಡೇರಿಗಳು ಅಯೋಡೋಫರ್ ಬಿಟ್ಟು ಕ್ಲೋರಿನ್ ಬಗೆಯ ಶುಚಿಕಾರಕಗಳಿಗೆ ಹೋದವು. ಹಾಲಿನ ಅಯೋಡಿನ್ ಕುಸಿಯಿತು. 1990ರ ದಶಕದ ಹೊತ್ತಿಗೆ ಮಕ್ಕಳಲ್ಲಿ, ಬಸುರಿಯರಲ್ಲಿ ಕೊರತೆ ಮತ್ತೆ ಕಾಣಿಸಿತು. ಕೊನೆಗೆ 2009ರಲ್ಲಿ ಬ್ರೆಡ್ ಮಾಡುವ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡಿದರು. ಪಕ್ಕದ ನ್ಯೂಜಿಲೆಂಡ್ ಕೂಡ ಅದೇ ವರ್ಷ ಅದನ್ನೇ ಮಾಡಿತು.

ಹಾಗಾದರೆ ಹಾಲಿಗೆ ಅಯೋಡಿನ್ ಸೇರಲಿ ಅಂತಾನೇ ತೊಟ್ಟಿಗೆ ಜಾಸ್ತಿ ಹಚ್ಚಬಹುದಲ್ವಾ?

ಬೇಡವೇ ಬೇಡ. ತೊಟ್ಟಿನಿಂದ ಬೀಳುವುದಕ್ಕೆ ಅಳತೆ ಇಲ್ಲ. ಇವತ್ತು ಅರ್ಧ ಹನಿ, ನಾಳೆ ಹತ್ತು ಹನಿ. ಅದರ ಜೊತೆ ದ್ರಾವಣದಲ್ಲಿರುವ ಸೋಪಿನಂಥ ಬೇರೆ ವಸ್ತುಗಳೂ ಹಾಲಿಗೆ ಹೋಗುತ್ತವೆ. ಅವು ಕುಡಿಯಲು ಮಾಡಿದವಲ್ಲ. ಹಾಲಿನಲ್ಲಿ ಅಯೋಡಿನ್ ಹೆಚ್ಚಬೇಕು ಅಂದರೆ ಅದನ್ನು ಹಸುವಿನ ಬಾಯಿಗೆ ಕೊಡಬೇಕು, ಖನಿಜ ಮಿಶ್ರಣದ ಮೂಲಕ. ಪೊಟ್ಟಣದ ಅಳತೆಯಲ್ಲಿ ಕೊಟ್ಟರೆ ಹಾಲಿಗೆ ಬರುವುದೂ ಅಳತೆಯಲ್ಲಿ ಇರುತ್ತದೆ.

ನಮ್ಮ ಸಂಘದವರೆಲ್ಲ ಒಟ್ಟಿಗೆ ಅಯೋಡಿನ್ ಬಿಟ್ಟು ಬೇರೆ ಔಷಧಿಗೆ ಹೋದರೆ?

ಹೋಗಬಹುದು. ಲ್ಯಾಕ್ಟಿಕ್ ಆಮ್ಲ, ಕ್ಲೋರ್‌ಹೆಕ್ಸಿಡಿನ್ ದ್ರಾವಣಗಳೂ ಬಾವು ತಡೆಯುತ್ತವೆ. ಕ್ಲೋರಿನ್ ಬಗೆಯವುಗಳನ್ನು ಪಾತ್ರೆಗೆ ಬಳಸುವಾಗ ಮಾತ್ರ ಚೆನ್ನಾಗಿ ತೊಳೆಯಬೇಕು, ಅದರಿಂದ ಉಳಿಯುವ ಕ್ಲೋರೇಟ್ ಕೂಡ ಥೈರಾಯ್ಡಿಗೆ ಒಳ್ಳೆಯದಲ್ಲ. ಬದಲಿಸುವ ಮುಂಚೆ ಎರಡು ಮಾತು ಕೇಳಿಕೊಳ್ಳಿ: ಹಸುಗಳಿಗೆ ಖನಿಜ ಮಿಶ್ರಣ ಸರಿಯಾಗಿ ಹೋಗುತ್ತಿದೆಯಾ, ಊರಿನ ಅಡುಗೆಮನೆಗಳಲ್ಲಿ ಅಯೋಡಿನ್ ಉಪ್ಪು ಇದೆಯಾ. ಎರಡಕ್ಕೂ ಹೌದು ಅಂದರೆ ಧೈರ್ಯವಾಗಿ ಬದಲಿಸಿ. ಮಲೆನಾಡಿನ ಊರುಗಳಲ್ಲಿ ಈ ಮಾತು ಕೇಳದೆ ಮುಂದೆ ಹೋಗಬೇಡಿ.

ನಮ್ಮ ಹಾಲಲ್ಲಿ ಎಷ್ಟಿದೆ ಅಂತ ಅಳೆಯಬಹುದಾ?

ಅಳೆಯಬಹುದು, ಆದರೆ ಡೇರಿಯಲ್ಲಿ ಆಗುವುದಿಲ್ಲ. ಮೈಕ್ರೋಗ್ರಾಂ ಲೆಕ್ಕ ಹಿಡಿಯುವ ಪ್ರಯೋಗಾಲಯ ಬೇಕು. ಒಬ್ಬೊಬ್ಬರು ಒಂದೊಂದು ಬಾಟಲಿ ಕಳಿಸುವುದರಲ್ಲಿ ಅರ್ಥವಿಲ್ಲ, ಖರ್ಚು ಜಾಸ್ತಿ, ಒಂದು ಹೊತ್ತಿನ ಹಾಲು ಇನ್ನೊಂದು ಹೊತ್ತಿನ ಹಾಗಿರುವುದಿಲ್ಲ. ಸಂಘದಿಂದ ಬಿಎಂಸಿಯ ಬೆರೆತ ಹಾಲನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಕೊಟ್ಟರೆ ಊರಿನ ಚಿತ್ರ ಸಿಗುತ್ತದೆ. ಅದನ್ನು ಹೇಗೆ, ಎಲ್ಲಿಗೆ ಕಳಿಸುವುದು ಎಂದು ಒಕ್ಕೂಟದ ಪಶುವೈದ್ಯರನ್ನೋ ಹಾಸನದ ಪಶುವೈದ್ಯಕೀಯ ಕಾಲೇಜಿನವರನ್ನೋ ಕೇಳಬಹುದು. ಮಾದರಿ ತೆಗೆಯುವ ಬಾಟಲಿಯನ್ನು ಅಯೋಡಿನ್ ನೀರಿನಲ್ಲಿ ತೊಳೆಯಬೇಡಿ, ಕೈಯಲ್ಲೂ ಆ ಕಂದು ಕಲೆ ಇರದ ಹಾಗೆ ನೋಡಿಕೊಳ್ಳಿ. ಬಾಟಲಿಯ ಮೇಲೆ ತಾರೀಖು, ಬೆಳಗಿನ ಹಾಲೋ ಸಂಜೆಯದ್ದೋ, ತೊಟ್ಟಿಗೆ ಯಾವ ದ್ರಾವಣ ಬಳಸುತ್ತಿದ್ದೀರಿ, ಮುಂಚೆ ಹಚ್ಚುತ್ತೀರೋ ಆಮೇಲೋ, ಇಷ್ಟನ್ನು ಬರೆದು ಕೊಡಿ.